ಬಿಳಿ ಬಂಡೆಗೆ ಕಡವು ಬಂದದ್ದು

ಆಗಿನ ಹೊಳೆ ಅಂದರೆ ಹೊಳೆ. ಈ ದಡದಲ್ಲಿ ನಿಂತು ಕೂಗಿದರೆ, ಕೂಗು ಆ ದಡ ಮುಟ್ಟುವಷ್ಟರಲ್ಲಿ ಕೂಗಿದವನಿಗೆ ಒಂದು ನಿದ್ದೆ ಆಗಿರುತ್ತಿತ್ತು. ಅನುಮಾನ ಇದ್ದವರು ಹೊಳೆಯನ್ನೇ ಕೇಳಬಹುದು.

ಅಂಥ ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಆಶ್ರಮದಲ್ಲಿ ಒಬ್ಬ ಅಜ್ಜಯ್ಯ. ಅಜ್ಜಯ್ಯ ಕೆಮ್ಮಿದರೆ, ಮರಳಿನ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಗಳು ಮರ್ಯಾದೆಗೆ ಬಾಯಿ ಮುಚ್ಚುತ್ತಿದ್ದವು. ಅಂಥ ಗುರುವನ್ನು ಈ ಸೀಮೆ ಮತ್ತೆ ಕಂಡಿಲ್ಲ.

ಶಿಷ್ಯನ ಹೆಸರು ಗವಿಯಪ್ಪ. ಬಂದು ಒಂಬತ್ತು ವರ್ಷ. ಮಾತಿನಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂದು ಅವನಿಗೆ ಗಟ್ಟಿ ನಂಬಿಕೆ. ತಾನು ಎರಡು ಮಾತಾಡಿದರೆ ಗೊಡ್ಡೆಮ್ಮೆಯೂ ಹಾಲು ಇಳಿಸುತ್ತದೆ ಎಂದು ಹೇಳಿಕೊಂಡು ತಿರುಗುತ್ತಿದ್ದ.

ಒಂದು ಬೆಳಿಗ್ಗೆ ಅಜ್ಜಯ್ಯ ಅವನನ್ನು ಹರಿಗೋಲು ಬಿಡುವ ಕಡವಿಗೆ ಕರೆದುಕೊಂಡು ಹೋದರು. ತಲೆತಲಾಂತರದಿಂದ ಊರ ಜನ ಹೊಳೆ ದಾಟುತ್ತಿದ್ದುದು ಅಲ್ಲಿಂದಲೇ. ಅಜ್ಜಯ್ಯ ಒಂದು ಒಣ ಸೋರೆಬುರುಡೆಯನ್ನು ನೀರಿಗೆ ಎಸೆದರು.

ಬುರುಡೆ ಮೂರು ಸುತ್ತು ಸುತ್ತಿತು. ಒಳಗೆ ಹೋಯಿತು. ಮತ್ತೆ ಏಳಲಿಲ್ಲ.

“ಹೊಳೆ ದಡದ ಬುಡ ಕೊರೆದು ಸುಳಿ ಮಾಡಿಕೊಂಡಿದೆ,” ಎಂದರು ಅಜ್ಜಯ್ಯ. “ಈಗ ಬುರುಡೆ ತಿಂತು. ಹತ್ತು ದಿನಕ್ಕೆ ಹೊಸನೀರು ಬರುತ್ತದೆ, ಆಗ ಹರಿಗೋಲನ್ನೇ ತಿನ್ನುತ್ತದೆ. ಕಡವು ಮೇಲಕ್ಕೆ, ಬಿಳಿ ಬಂಡೆಗೆ ಹೋಗಬೇಕು. ಜನಕ್ಕೆ ಹೇಳಿ ಬಾ.”

“ನಿಮ್ಮ ಅಪ್ಪಣೆ ಅಂದರೆ ಸಾಕಲ್ಲ, ಅಜ್ಜಯ್ಯ.”

“ಅಪ್ಪಣೆ ಅಂದರೆ ನಾನು ನೋಡುವಾಗ ಅಲ್ಲಿ ದಾಟುತ್ತಾರೆ, ನೋಡದಾಗ ಇಲ್ಲಿ. ದಡದಲ್ಲಿ ಒಬ್ಬರು ನಿಂತು ಕೂಗಿದರೂ ಅಂಬಿಗ ಹರಿಗೋಲು ತರಲೇಬೇಕು, ಅದು ಅವರ ಕಟ್ಟಳೆ. ಮುಳುಗುವುದಕ್ಕೆ ಅಷ್ಟು ಸಾಕು.”

ದಿನವೂ ದಾಟುವವರು ಮೂವರು. ಅವರು ಹೋದ ಕಡೆ ಊರು ಹೋಗುತ್ತಿತ್ತು. ಮಡಕೆ ಹೊತ್ತು ಹೋಗುವ ಕುಂಬಾರರ ತಿಪ್ಪಕ್ಕ. ಏಕತಾರಿ ಹಿಡಿದು ಹಾಡುವ, ಕಣ್ಣಿಲ್ಲದ ಓಬಳಯ್ಯ. ಮತ್ತೆ ಅಂಬಿಗರ ಬೆಟ್ಟಪ್ಪ. ಅವನ ರಟ್ಟೆ ಎಂಥದೆಂದರೆ, ಹುಟ್ಟು ಹಾಕಿದಾಗ ಹೊಳೆಯೇ ಒಂದು ಮಾರು ಹಿಂದಕ್ಕೆ ಸರಿಯುತ್ತಿತ್ತು.

ಗವಿಯಪ್ಪ ಒಂದು ಭಾಷಣ ಕಟ್ಟಿದ. ಹೊಳೆ ತನ್ನ ದಾರಿ ಬದಲಿಸಿ ಕಡವಿನಲ್ಲಿ ಸುಳಿ ಎದ್ದಿದೆ, ಇದು ಎಲ್ಲರ ಒಳ್ಳೆಯದಕ್ಕೇ, ಮೇಲೆ ಬಿಳಿ ಬಂಡೆ ಹೊಳೆಯುವಲ್ಲಿ ಹೊಸ ಕಡವು. ಮೂವರ ಮುಂದೂ ಅದನ್ನೇ ಅಂದ. ಒಂದಕ್ಷರ ಅತ್ತಿತ್ತ ಆಗಲಿಲ್ಲ.

ತಿಪ್ಪಕ್ಕ ಎಲ್ಲ ಕೇಳಿ, ಆ ಎಲ್ಲರಲ್ಲಿ ನನ್ನ ಕುತ್ತಿಗೆಯೂ ಸೇರಿದೆಯೋ ಇಲ್ಲವೋ ವಿಚಾರಿಸಿಕೊಂಡು ಬಾ ಸ್ವಾಮಿ, ಅಂದಳು.

ಓಬಳಯ್ಯ ಮಾತ್ರ ಬಹಳ ವಿನಯದಿಂದ ಕೇಳಿದ. “ಬಿಳಿ ಅಂದರೆ ಎಷ್ಟು ಹೆಜ್ಜೆ, ಬುದ್ಧಿ?”

ಬೆಟ್ಟಪ್ಪ ಕಡವಿನಲ್ಲಿ ಹರಿಗೋಲು ಕಟ್ಟುವ ಹಗ್ಗದ ಕಲ್ಲಿಗೆ ಇನ್ನೊಂದು ಗಂಟು ಬಿಗಿದ.

ಗವಿಯಪ್ಪ ಮುಖ ಊದಿಸಿಕೊಂಡು ಹಿಂದಿರುಗಿದ. ಅಜ್ಜಯ್ಯ ತರಕಾರಿ ಬಳ್ಳಿಗೆ ನೀರು ಹಾಕುತ್ತಿದ್ದರು.

“ತಿಪ್ಪಕ್ಕನ ತಲೆಯ ಮೇಲೆ ಎಷ್ಟು ಮಡಕೆ ಇದ್ದವು?”

“ನೋಡಲಿಲ್ಲ.”

“ಓಬಳಯ್ಯ ಮೊದಲು ಯಾವ ಕಾಲು ಇಡುತ್ತಾನೆ?”

“ನೋಡಲಿಲ್ಲ.”

“ಹಾಗಾದರೆ ಯಾರಿಗೆ ಹೇಳಿ ಬಂದೆ?”

ಗವಿಯಪ್ಪ ಎರಡು ದಿನ ಯೋಚಿಸಿದ. ಮೂರನೆಯ ದಿನ ಅವನಿಗೆ ಹೊಳೆಯಿತು. ಒಬ್ಬೊಬ್ಬರಿಗೆ ಒಂದೊಂದು ಮಾತು ಬೇಕು. ಅವನ ನಾಲಿಗೆಗೆ ಅದೇನು ಕಷ್ಟ?

ತಿಪ್ಪಕ್ಕನಿಗೆ, ದೀಪಾವಳಿವರೆಗೆ ಮಾತ್ರ ಅಕ್ಕಾ, ಆಮೇಲೆ ಹಳೇ ಕಡವೇ, ಅಂದ. ಓಬಳಯ್ಯನಿಗೆ, ದಿನಾ ಬೆಟ್ಟಪ್ಪನೇ ಬಂದು ಕೈ ಹಿಡಿದು ಕರೆದುಕೊಂಡು ಹೋಗುತ್ತಾನೆ, ಅಂದ. ಬೆಟ್ಟಪ್ಪನಿಗೆ, ನಿನ್ನ ಹೆಸರಿನಲ್ಲಿ ಆನೆ ಗಾತ್ರದ ಕಲ್ಲು ನೆಡುತ್ತಾರೆ, ಇನ್ನು ನೀನು ಯಾರ ಕೂಗಿಗೂ ಓಡಬೇಕಾಗಿಲ್ಲ, ಅಂದ.

ಮೂವರೂ ತಲೆಯಾಡಿಸಿದರು. ಗವಿಯಪ್ಪ ಕುಣಿಯುತ್ತಾ ಬಂದ.

“ಒಪ್ಪಿದರೇ?”

“ಸಂತೋಷದಿಂದ ಒಪ್ಪಿದರು, ಅಜ್ಜಯ್ಯ.”

“ಒಳ್ಳೆಯದು. ನಾಳೆ ಸಂತೆ. ಮೂವರೂ ಒಂದೇ ಹರಿಗೋಲಿನಲ್ಲಿ ಕೂರುತ್ತಾರೆ. ನೀನೂ ಹೋಗಿ ಬಾ.”

ಗವಿಯಪ್ಪ ರಾತ್ರಿಯಿಡೀ ತಪ್ಪಿಸಿಕೊಳ್ಳುವ ನೆಪ ಹುಡುಕಿದ. ಆದರೂ ಹೋದ.

ನಡುಹೊಳೆಯಲ್ಲಿ ಮಾತು ಶುರುವಾಯಿತು. ದೀಪಾವಳಿ ಕಳೆಯಲಿ ಎಂದು ತಿಪ್ಪಕ್ಕ ಅಂದಳು. ದೀಪಾವಳಿಗೆ ಏನು ಎಂದು ಬೆಟ್ಟಪ್ಪ ಕೇಳಿದ. ನಾಳೆಯಿಂದ ಎಷ್ಟು ಹೊತ್ತಿಗೆ ಕೈ ಹಿಡಿಯಲು ಬರುತ್ತೀಯ ಎಂದು ಓಬಳಯ್ಯ ವಿಚಾರಿಸಿದ. ಬೆಟ್ಟಪ್ಪ ಹುಟ್ಟು ಎತ್ತಿ ಮಡಿಲಲ್ಲಿ ಇಟ್ಟುಕೊಂಡು ಗವಿಯಪ್ಪನನ್ನೇ ನೋಡಿದ.

ಹರಿಗೋಲು ಬುಗುರಿಯ ಹಾಗೆ ತಿರುಗತೊಡಗಿತು. ಇಪ್ಪತ್ತೊಂದು ಸುತ್ತು. ಕೆಳಗಿದ್ದ ಮೀನುಗಳಿಗೂ ತಲೆಸುತ್ತು ಬಂತು ಅನ್ನುತ್ತಾರೆ.

“ಮೊನ್ನೆ ನೀನು ಹೇಳಿದ್ದು ಕೇಳುವ ಹಾಗಿರಲಿಲ್ಲ, ಆದರೆ ನಿಜ ಇದ್ದೀತು ಅನ್ನಿಸಿತ್ತು,” ಅಂದಳು ತಿಪ್ಪಕ್ಕ. “ಈಗ ಸುಳಿ ಇದೆ ಅನ್ನುವುದನ್ನೂ ನಂಬುವುದಿಲ್ಲ.”

ಮರುದಿನ ಪಡುವಣದಲ್ಲಿ ಮೋಡ ಕಟ್ಟಿತು. ಹೊಸನೀರಿಗೆ ಐದು ದಿನ ಉಳಿದಿತ್ತು. ಗವಿಯಪ್ಪ ಅನ್ನ ಮುಟ್ಟಲಿಲ್ಲ.

“ಒಂದೇ ಮಾತು ಹೇಳಿದರೂ ತಪ್ಪು, ಬೇರೆ ಬೇರೆ ಹೇಳಿದರೂ ತಪ್ಪು. ನಾನೇನು ಮಾಡಲಿ, ಅಜ್ಜಯ್ಯ? ಜನ ಮುಳುಗುತ್ತಾರೆ.”

ಅಜ್ಜಯ್ಯ ಅವನ ತಲೆಯ ಮೇಲೆ ಒಂದು ಸಿಂಬೆ ಇಟ್ಟರು, ಹೊರೆ ಹೊರುವವರು ಇಟ್ಟುಕೊಳ್ಳುವ ಬಟ್ಟೆಯ ಸುರುಳಿ. ಇಟ್ಟು ಒಳಗೆ ಹೋದರು.

ಗವಿಯಪ್ಪ ಮೊದಲು ತಿಪ್ಪಕ್ಕನ ಮನೆಗೆ ಹೋಗಿ, ಸುಳ್ಳು ಹೇಳಿದೆ ಎಂದು ಒಪ್ಪಿಕೊಂಡ. ಅವಳ ಆರು ಮಡಕೆ ಹೊತ್ತು ಬಿಳಿ ಬಂಡೆಯ ಕಡೆ ನಡೆದ. ಅರ್ಧ ದಾರಿಗೆ ಕುತ್ತಿಗೆ ಹೊಟ್ಟೆಯೊಳಗೆ ಇಳಿದ ಹಾಗಾಯಿತು. ಅಲ್ಲಿ ನಿಂತು, ಇಲ್ಲೊಂದು ಹೊರೆ ಇಳಿಸುವ ಕಲ್ಲು ಬೇಕು ಅಂದ. ಇನ್ನೂ ಇಪ್ಪತ್ತು ಹೆಜ್ಜೆ ಹಿಂದೆ ಬೇಕು ಅಂದಳು ತಿಪ್ಪಕ್ಕ. ಅವಳು ಹೇಳಿದಲ್ಲೇ ಕಲ್ಲು ನಿಲ್ಲಿಸಿದ.

“ದಾರಿ ಉದ್ದ ಆಯಿತು, ಅಕ್ಕಾ. ಕಡಿಮೆ ಮಾಡಲು ನನ್ನಿಂದ ಆಗದು. ಹಳೇ ಕಡವು ಮುಗಿಯಿತು, ಮತ್ತೆ ಬರುವುದಿಲ್ಲ.”

ಅವಳು ಬೈದಳು. ಬೈದು, ಮಡಕೆ ಇಳಿಸಿಕೊಂಡಳು.

ಓಬಳಯ್ಯನ ಮನೆಯ ಮುಂದೆ ಗವಿಯಪ್ಪ ತನ್ನ ಕಣ್ಣಿಗೆ ಬಟ್ಟೆ ಕಟ್ಟಿಕೊಂಡ. ಇಬ್ಬರೂ ಎಣಿಸುತ್ತಾ ನಡೆದರು. ಶಿಷ್ಯ ಎರಡು ಸಲ ಬೇಲಿಗೆ ಬಿದ್ದ, ಓಬಳಯ್ಯ ಎರಡು ಸಲವೂ ಎತ್ತಿದ. ಹಳೆಯದಕ್ಕೆ ಮುನ್ನೂರ ಹನ್ನೆರಡು ಹೆಜ್ಜೆ ಇತ್ತು. ಹೊಸದಕ್ಕೆ ಒಂಬೈನೂರ ನಲವತ್ತೊಂದು.

“ಹಳೇ ಕಡವು ಮುಗಿಯಿತು, ಮತ್ತೆ ಬರುವುದಿಲ್ಲ.”

“ಅದು ಗೊತ್ತಾಯಿತು. ನಾಳೆ ಮತ್ತೆ ಬಾ, ನಿನಗಿನ್ನೂ ದಾರಿ ಬಂದಿಲ್ಲ,” ಅಂದ ಓಬಳಯ್ಯ.

ಮರುದಿನ ಬೆಳಿಗ್ಗೆ ಬೆಟ್ಟಪ್ಪ ಹಗ್ಗದ ಕಲ್ಲಿನ ಪಕ್ಕ ಕೂತಿದ್ದ. ಈ ಸಲ ಗವಿಯಪ್ಪ ಅಂಬಿಗನಿಗೆ ಹೊಳೆಯ ವಿಷಯ ತಿಳಿಸಲು ಹೋಗಲಿಲ್ಲ.

“ಸುಳಿ ಯಾವಾಗಿನಿಂದ ಇದೆ, ಅಣ್ಣಾ?”

ಬೆಟ್ಟಪ್ಪ ಸುಳಿಯ ಕಡೆ ಕೈ ತೋರಿಸಿದ.

“ಯುಗಾದಿಯಿಂದ. ಸುತ್ತು ಹಾಕಿ ತಪ್ಪಿಸುತ್ತಾ ಇದ್ದೇನೆ.” ಕಲ್ಲಿನಲ್ಲಿ ಹಗ್ಗ ಸವೆಸಿದ ಗೀರನ್ನು ಬೆರಳಿನಿಂದ ಸವರಿದ. “ಇದು ನನ್ನ ಮುತ್ತಾತನ ಹಗ್ಗ ತಿಂದ ಕಲ್ಲು.”

“ಕಲ್ಲು ಇಲ್ಲೇ ಇರುತ್ತದೆ. ಅಲ್ಲಿಗೆ ತರುವುದಕ್ಕೂ ಆಗದು, ಅದರ ಬದಲು ಇನ್ನೊಂದು ಕೊಡುವುದಕ್ಕೂ ಆಗದು. ಹಳೇ ಕಡವು ಮುಗಿಯಿತು, ಅಣ್ಣಾ. ಮತ್ತೆ ಬರುವುದಿಲ್ಲ.”

ಬೆಟ್ಟಪ್ಪ ಎದ್ದು ಗಂಟು ಬಿಚ್ಚಿದ. ಬಿಚ್ಚಲು ಅವನಂಥವನಿಗೂ ಅರ್ಧ ದಿನ ಹಿಡಿಯಿತು.

ಸಂಜೆ ಮೂವರೂ ಬಿಳಿ ಬಂಡೆಯ ಹತ್ತಿರ ಸೇರಿದರು. ಬೆಟ್ಟಪ್ಪ ನೆಲ ತುಳಿದು ನೋಡಿ, ಎಡಕ್ಕೆ ಕೆಸರು, ಬಲಕ್ಕೆ ಇಳಿಜಾರು, ಹೊರೆ ಹೊತ್ತವರು ನೀರಿಗೆ ಇಳಿಯಲು ನಡುವೆ ಒಂದೇ ದಾರಿ ಎಂದ. ಆ ದಾರಿಗೆ ಅಡ್ಡವಾಗಿ ಅಜ್ಜಯ್ಯ ಇರುವ ಆಶ್ರಮದ ಗುಡಿಸಲು ಇತ್ತು. ಬಂಡೆಯ ಮೇಲೆ ಅಜ್ಜಯ್ಯ ನಲವತ್ತು ವರ್ಷದಿಂದ ಮುಂಜಾನೆ ಮೌನ ಕೂರುತ್ತಿದ್ದರು.

ಮೂವರೂ ಗವಿಯಪ್ಪನ ಮುಖ ನೋಡಿದರು. ಇದನ್ನು ಹೇಳಬೇಕಾದವನು ಅವನೇ.

ಅಜ್ಜಯ್ಯ ಬಂಡೆಯ ಮೇಲೆಯೇ ಇದ್ದರು. ಗವಿಯಪ್ಪ ಕೈಮುಗಿದ.

“ಅಜ್ಜಯ್ಯ, ಹೊಳೆ ತನ್ನ ದಾರಿ…”

“ಹೊಳೆ ನನಗೆ ಗೊತ್ತು.”

“ಎಲ್ಲರ ಒಳ್ಳೆಯದಕ್ಕೆ…”

“ಅದನ್ನು ತಿಪ್ಪಕ್ಕನೂ ಕೇಳಿದ್ದಾಳೆ.”

ಗವಿಯಪ್ಪ ಬಂಡೆಯ ಬುಡದಲ್ಲಿ ಕೂತುಕೊಂಡ. ಗುರುವಿನ ಪಾದದಿಂದ ಸವೆದು ನುಣುಪಾದ ಜಾಗ ಅವನ ಕಣ್ಣಿನ ಮಟ್ಟಕ್ಕೇ ಇತ್ತು. ಒಂಬತ್ತು ವರ್ಷದಲ್ಲಿ ಅದನ್ನು ಅವನು ನೋಡಿದ್ದು ಅದೇ ಮೊದಲು.

“ನಿಮ್ಮ ಗುಡಿಸಲು ಹೋಗುತ್ತದೆ, ಅಜ್ಜಯ್ಯ. ಈ ಬಂಡೆಯ ಮೇಲೆ ಇನ್ನು ಮಡಕೆ ಇಳಿಸುತ್ತಾರೆ. ಬೆಳಗಾದರೆ ಕೂಗು, ಜಗಳ, ಕುರಿ, ಕೋಳಿ. ನಿಮಗೆ ಮೌನ ಸಿಗುವುದಿಲ್ಲ. ಅದರ ಬದಲಿಗೆ ಕೊಡಲು ನನ್ನ ಹತ್ತಿರ ಏನೂ ಇಲ್ಲ.”

ಅಜ್ಜಯ್ಯ ಅಂಗೈಯಿಂದ ಬಂಡೆಯನ್ನು ಒಮ್ಮೆ ಸವರಿದರು. ಅಷ್ಟು ಹೊತ್ತು ಹೊಳೆಯೂ ಹರಿಯದೆ ನಿಂತಿತ್ತಂತೆ.

ಆಮೇಲೆ ಇಳಿದು ಬಂದು, ಗುದ್ದಲಿಯನ್ನು ಅವನ ಕೈಗೆ ಕೊಟ್ಟರು.

“ಹಿಂದಿನ ಗೋಡೆ ಸಡಿಲ ಇದೆ, ಮಗಾ. ಅಲ್ಲಿಂದ ಶುರು ಮಾಡು.”