ಒಣಬಟ್ಟೆ ಗುಡ್ಡ

ಐರ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಒಂದು ದಿಬ್ಬವಿದೆ. ಅಲ್ಲಿನವರ ನುಡಿಯಲ್ಲಿ ಅದರ ಹೆಸರಿನ ಅರ್ಥ ಒಣಬಟ್ಟೆ ಗುಡ್ಡ. ಗುಡ್ಡ ಎನ್ನುವಷ್ಟು ಎತ್ತರವೇನೂ ಇಲ್ಲ. ನೆತ್ತಿಯ ಮೇಲೆ ಎರಡು ಹುಲ್ಲುಗಾವಲುಗಳ ನಡುವೆ ಒಂದು ಕಲ್ಲುಗೋಡೆ. ಗೋಡೆಯ ಆಚೆಗೊಂದು ಈಚೆಗೊಂದು ನಿಂತ ಚಪ್ಪಡಿ, ಎರಡರ ಮೇಲೂ ಹಳದಿ ಕಲ್ಲುಹೂವು. ಬಟ್ಟೆ ಒಣಗುವುದೇ ಅಪರೂಪವಾದ ಸೀಮೆಗೆ ಈ ಹೆಸರು ಹೇಗೆ ಬಂತೆಂದರೆ ಒಂದು ಕಥೆ ಹೇಳುತ್ತಾರೆ.

ಹಿಂದೆ ಒಮ್ಮೆ ಗೋಡೆಯ ಎರಡು ಬದಿಗೆ ಇಬ್ಬರು ವಾರಗಿತ್ತಿಯರ ಮನೆಗಳಿದ್ದವು. ಹಿರಿಯವಳು ಸೋರಖಾ, ಕಿರಿಯವಳು ಊನಾ. ಹಸುಗಳು ಒಂದೇ ತಳಿಯವು, ಹುಲ್ಲು ಒಂದೇ ಮಣ್ಣಿನದು. ಆದರೂ ಊನಾಳ ಕಣ್ಣಿಗೆ ಅಕ್ಕನ ಬೆಣ್ಣೆಯೇ ಹೆಚ್ಚು ಹಳದಿ; ಸೋರಖಾಳ ಮೂಗಿಗೆ ತಂಗಿಯ ಬೆಣ್ಣೆಯೇ ಹೆಚ್ಚು ಘಮ. ಬೇಸಗೆಯನ್ನು ಬರಮಾಡಿಕೊಳ್ಳುವ ಮೇ ಹಬ್ಬದ ದಿನ, ಸೂರ್ಯ ಹುಟ್ಟುವ ಮೊದಲು ನೆರೆಯವರ ಹುಲ್ಲಿನ ಮೇಲೆ ಬಟ್ಟೆ ಎಳೆದು, ಆ ಇಬ್ಬನಿಯನ್ನು ತನ್ನ ಮನೆಯಲ್ಲಿ ಹಿಂಡಿದರೆ ಅವರ ವರ್ಷದ ಬೆಣ್ಣೆಯೆಲ್ಲ ತನ್ನದಾಗುತ್ತದೆಂದು ನಂಬಿಕೆ. ಕಡೆಯುವುದಕ್ಕಿಂತ ಇದು ಸುಲಭ.

ಅಂಥ ಒಂದು ಬೆಳಗ್ಗೆ ಊನಾ ಮಂಜಿನಲ್ಲಿ ಗೋಡೆ ಹತ್ತಿಳಿದು ಅಕ್ಕನ ಹುಲ್ಲಿನ ಮೇಲೆಲ್ಲ ಬಟ್ಟೆ ಎಳೆದಳು. ತೊಟ್ಟಿಕ್ಕುವ ಬಟ್ಟೆಯೊಂದಿಗೆ ಗೋಡೆಯ ಬಳಿ ಬಂದರೆ ಆಚೆ, ಊನಾಳದೇ ಹುಲ್ಲುಗಾವಲಿನಲ್ಲಿ, ಸೋರಖಾ ನಿಂತಿದ್ದಳು. ಅವಳ ಕೈಯಲ್ಲೂ ಒದ್ದೆ ಬಟ್ಟೆ.

“ಏನಕ್ಕಾ, ಬಟ್ಟೆ ಒಗೆಯೋಕೆ ನಮ್ಮ ಹುಲ್ಲೇ ಬೇಕಿತ್ತಾ?”

“ನೀನೇನು ನಮ್ಮ ಹಸುಗಳಿಗೆ ಮುಖ ಒರೆಸೋಕೆ ಬಂದಿದ್ಯೇನೇ? ನನ್ನದು ನನಗೆ ಕೊಡು.”

“ಮೊದಲು ನೀನು ಕೊಡು.”

ಕೊಡುವಂತಿರಲಿಲ್ಲ. ಆ ದಿನ ಹಾಲಾಗಲಿ, ಕೆಂಡವಾಗಲಿ, ತೊಟ್ಟು ನೀರಾಗಲಿ, ಕೈಯೆತ್ತಿ ಕೊಟ್ಟವಳು ಮನೆಯ ಭಾಗ್ಯವನ್ನೇ ಕೊಟ್ಟಂತೆ. ಗೋಡೆ ದಾಟಿ ಮನೆ ಸೇರಲು ಒಬ್ಬಳು ಇನ್ನೊಬ್ಬಳನ್ನು ಬಿಡುವಂತೆಯೂ ಇರಲಿಲ್ಲ. ಹಾಗಾಗಿ ಅವಳ ನೆಲದಲ್ಲಿ ಇವಳು, ಇವಳ ನೆಲದಲ್ಲಿ ಅವಳು, ಬಟ್ಟೆ ಹಿಡಿದು ನಿಂತೇ ಇದ್ದರು. ಮಂಜು ಕರಗಿತು. ಆ ವರ್ಷ ಎಂದೂ ಇಲ್ಲದ ಬಿಸಿಲು. ಮಧ್ಯಾಹ್ನದ ಹೊತ್ತಿಗೆ ಎರಡು ಬಟ್ಟೆಗಳೂ ಒಣಗಿದ್ದವು.

ಎರಡು ಮನೆಗಳಲ್ಲೂ ಬೆಣ್ಣೆ ಎಂದಿನಷ್ಟೇ ಬಂತು. ಅದಕ್ಕಾಗಿಯೇ ಅವರು ಸಾಯುವವರೆಗೂ ಒಬ್ಬರನ್ನೊಬ್ಬರು ಕ್ಷಮಿಸಲಿಲ್ಲ ಎನ್ನುತ್ತಾರೆ.

ಅವರೇ ಆ ಎರಡು ಚಪ್ಪಡಿಗಳಾದರೆಂದೂ ಹೇಳುವವರಿದ್ದಾರೆ. ಅದು ಬರಿಯ ಸುಣ್ಣಕಲ್ಲು. ಅಂಥದ್ದು ಆ ಕಡೆ ಬೇಕಾದಷ್ಟಿದೆ. ನೋಡಲು ಬಂದವರು ಟೇಪು ಹಿಡಿದು ಅಳೆದದ್ದೂ ಉಂಟು: ಎರಡೂ ಒಂದೇ ಎತ್ತರ, ಒಂದೇ ಅಗಲ. ಆದರೆ ಗೋಡೆಯ ಯಾವ ಬದಿಗೆ ನಿಂತು ನೋಡಿದರೂ ಆಚೆಯದೇ ಹೆಚ್ಚು ಹಳದಿ.