ಕೆಂಪರಾಜು ವೆಬ್‌ಸೈಟ್ ಆದದ್ದು

ಒಬ್ಬಳು ತಾಯಿ ಇದ್ದಳು, ದೊಡ್ಡತಾಯಮ್ಮ. ಅವಳಿಗೊಬ್ಬ ಮಗ, ಕೆಂಪರಾಜು. ಹೇಳಿದ್ದು ಹೇಳಿದ ಹಾಗೇ ಅವನ ತಲೆಗೆ ಇಳಿಯುತ್ತಿತ್ತು. ಒಳಗೆ ಅಡ್ಡ ಬರುವಂಥದ್ದು ಏನೂ ಇರಲಿಲ್ಲ. ಹೋಟೆಲಿನಲ್ಲಿ ಕೆಲಸಕ್ಕೆ ಹಾಕಿದಳು. ಗಿರಾಕಿ ಸಾಕು ಅನ್ನುವ ತನಕ ಸಾಂಬಾರು ಹಾಕು ಅಂದಿದ್ದರು. ಗಿರಾಕಿ ಫೋನಿನಲ್ಲಿ ಮಾತಾಡುತ್ತಿದ್ದ. ಸಾಂಬಾರು ಮೇಜು ದಾಟಿ ಅವನ ಪ್ಯಾಂಟಿಗೆ ಇಳಿಯಿತು. ಕೆಲಸ ಹೋಯಿತು.

ದೊಡ್ಡತಾಯಮ್ಮ ಪಾತ್ರೆ ತೊಳೆಯುತ್ತಿದ್ದ ಮನೆಯ ನಾಗವೇಣಿ ಮೇಡಂ ಒಂದು ಆರೋಗ್ಯ ಸಂಸ್ಥೆ ನಡೆಸುತ್ತಿದ್ದರು. ಲೈಂಗಿಕ ಆರೋಗ್ಯದ ವಿಷಯವನ್ನು ಜನ ನಾಚದೆ ಓದಲಿ ಎಂದು ವೆಬ್‌ಸೈಟ್ ಮಾಡಿಸುತ್ತಿದ್ದರು. ಸೈಟು ಇನ್ನೂ ಕಂಪ್ಯೂಟರಿಗೆ ಏರಿರಲಿಲ್ಲ, ಹನ್ನೆರಡು ಹಾಳೆಗಳ ಮೇಲಿತ್ತು. ಬಂದವರು ಹಾಳೆಯಲ್ಲಿ ಬರೆದ ಗುಂಡಿಯ ಮೇಲೆ ಬೆರಳಿಡಬೇಕು, ಎದುರಿಗೆ ಕೂತವನು ಮುಂದಿನ ಹಾಳೆ ಇಡಬೇಕು. ಜನ ಎಲ್ಲಿ ತಡವರಿಸುತ್ತಾರೆ ಎಂದು ಮೊದಲೇ ತಿಳಿಯುವುದಕ್ಕೆ ಈ ಏರ್ಪಾಡು. ಹಾಳೆ ಇಡುವ ಕೆಲಸಕ್ಕೆ ದೊಡ್ಡತಾಯಮ್ಮ ಮಗನನ್ನು ತಂದು ನಿಲ್ಲಿಸಿದಳು.

"ಒಂದು ವಾರ ನೋಡ್ತೀನಿ. ಸರಿಹೋದರೆ ಕಾಯಂ," ಅಂದರು ಮೇಡಂ.

"ಇದೂ ಹೋದ್ರೆ ಇನ್ಯಾರ ಕಾಲಿಗೂ ನಾನು ಬೀಳಾಕಿಲ್ಲ ಕಣ್ಲಾ," ಅಂದಳು ತಾಯಿ. "ಮೇಡಮ್ಮೋರು ಹೇಳ್ದಂಗೇ ಮಾಡು."

ಆ ಮಾತು ಹೇಳಬಾರದಿತ್ತು.

ಸೋಮವಾರ ಮೇಡಂ ಹೇಳಿದರು: "ನೀನೀಗ ಕಂಪ್ಯೂಟರ್. ಕಂಪ್ಯೂಟರ್ ಮಾತಾಡಲ್ಲ, ಸಹಾಯ ಮಾಡಲ್ಲ. ಬೆರಳಿಟ್ಟರೆ ಹಾಳೆ ಬದಲಿಸು, ಅಷ್ಟೇ."

ಗಾರ್ಮೆಂಟ್ಸಿಗೆ ಹೋಗುವ ಜಯಶೀಲಾ ಬಂದಳು. "ನಮಸ್ಕಾರ ಅಣ್ಣ." ಕೆಂಪರಾಜು ಮಾತಾಡಲಿಲ್ಲ. "ಎಲ್ಲಿ ಕೂತ್ಕೊಳ್ಲಿ?" ಮಾತಾಡಲಿಲ್ಲ. ಫ್ಯಾನಿನ ಗಾಳಿಗೆ ಹಾಳೆಗಳು ಎದ್ದವು. "ಅಣ್ಣ, ಹಿಡ್ಕೊಳಿ, ಹಾರೋಗ್ತಾವೆ." ಅವಳು ಬೆರಳಿಟ್ಟಿರಲಿಲ್ಲ, ಅವನು ಕದಲಲಿಲ್ಲ. ಕಾಂಡೋಮಿನ ಹಾಳೆ ಕಿಟಕಿ ದಾಟಿ ಎದುರಿನ ಇಡ್ಲಿ ಗಾಡಿಯ ಮೇಲೆ ಇಳಿಯಿತು. ಇಡ್ಲಿಯವನು ಅದರಲ್ಲಿ ಎರಡು ಪ್ಲೇಟು ಪಾರ್ಸಲ್ ಕಟ್ಟಿ ಕೊಟ್ಟ.

"ಕಷ್ಟಪಡೋರನ್ನ ಹಾಗೆ ನೋಡ್ಕೊಂಡು ಕೂರ್ತಾರೇನೋ?" ಮೇಡಂ ಬೈದರು, ಹಾಳೆಯನ್ನು ಹೊಸದಾಗಿ ಬರೆಸಿದರು. "ಮಾತಾಡಿಸಬೇಕು. ಮನಸ್ಸಿಗೆ ಬಂದದ್ದನ್ನ ಜೋರಾಗಿ ಹೇಳಿ ಅನ್ನಬೇಕು."

"ಮೊದ್ಲೇ ಹೇಳಿದ್ರೆ ಹಂಗೇ ಮಾಡ್ತಿದ್ದೆ ಮೇಡಂ."

ಮಂಗಳವಾರ ಆಟೋ ಓಡಿಸುವ ಪುಟ್ಟಮಾದು ಬಂದ. ಹಾಳೆಯ ಮೇಲೆ ಬೆರಳಿಟ್ಟು ಪಿಸುಗುಟ್ಟಿದ: "ಇಲ್ಲಿ ತುರಿಕೆ ಅಂತ ಬರ್ದೈತಲ್ಲ, ಅದು..."

"ಜೋರಾಗಿ ಹೇಳಿ."

"ತುರಿಕೆ ಅಂತ..."

"ಇನ್ನೂ ಜೋರಾಗಿ."

ಪಕ್ಕದ ಕೋಣೆಯಲ್ಲಿ ಮಕ್ಕಳ ಚುಚ್ಚುಮದ್ದಿಗೆ ಮೂವತ್ತು ಜನ ಕೂತಿದ್ದರು. "ನಂಗೆ ತುರಿಕೆ ಐತೆ ಕಣಯ್ಯ, ಸಾಕಾ?" ಎಂದು ಪುಟ್ಟಮಾದು ಕೂಗಿದ. ಗೋಡೆಯಾಚೆಯಿಂದ ಒಬ್ಬ ಅಜ್ಜಿ, "ಎಷ್ಟು ದಿನದಿಂದ ಮಗಾ?" ಅಂದಳು. ಪುಟ್ಟಮಾದು ಆಟೋ ಅಲ್ಲೇ ಬಿಟ್ಟು ನಡೆದುಕೊಂಡು ಮನೆಗೆ ಹೋದ.

"ನಿನಗೆ ಮರ್ಯಾದೆ ಅನ್ನೋದು ಗೊತ್ತಿದೆಯಾ?" ಅಂದರು ಮೇಡಂ. "ಬಂದವರಿಗೆ ಮುಜುಗರ ಅಂತ ಕಂಡರೆ ಆ ಹಾಳೆ ತೆಗೆದುಬಿಡಬೇಕು."

"ಮೊದ್ಲೇ ಹೇಳಿದ್ರೆ ಹಂಗೇ ಮಾಡ್ತಿದ್ದೆ ಮೇಡಂ."

ಬುಧವಾರ ಯಾರೂ ಬರಲಿಲ್ಲ. ಗುರುವಾರವೂ ಇಲ್ಲ. ಪುಟ್ಟಮಾದುವಿನ ಸುದ್ದಿ ಊರು ಸುತ್ತಿತ್ತು. ಶುಕ್ರವಾರ ಸೈಟಿಗೆ ಒಪ್ಪಿಗೆ ಕೊಡಬೇಕಾದ ಅಧಿಕಾರಿಯೇ ಬಂದು ಕೂತರು. ಮುಟ್ಟಿನ ಹಾಳೆ ಬಂತು, ಅಧಿಕಾರಿ ಕೆಮ್ಮಿದರು. ಕೆಂಪರಾಜು ತೆಗೆದ. ಕಾಂಡೋಮಿನ ಹಾಳೆ ಬಂತು. ಅಧಿಕಾರಿ ಸೂರು ನೋಡಿದರು. ತೆಗೆದ. ಗುಪ್ತರೋಗದ ಹಾಳೆಗೆ ನೀರು ಕೇಳಿದರು. ತೆಗೆದ. ಹನ್ನೊಂದು ಹಾಳೆ ಹೋದವು. ಉಳಿದ ಒಂದರಲ್ಲಿ "ನಮಸ್ಕಾರ, ಸ್ವಾಗತ" ಎಂದಿತ್ತು.

"ಸಭ್ಯವಾಗಿದೆ," ಅಂದರು ಅಧಿಕಾರಿ. "ವಿಷಯ ಏನು ಅಂತ ಗೊತ್ತಾಗಲಿಲ್ಲ. ನಾಳೆ ನಾಲ್ಕು ಗಂಟೆಗೆ ಬರ್ತೀನಿ. ಒಬ್ಬರಿಗಾದರೂ ಇದರಲ್ಲಿ ಒಂದು ಉತ್ತರ ಸಿಕ್ಕಿದ್ದನ್ನ ತೋರಿಸಿ. ಇಲ್ಲ ಅಂದರೆ ಇದನ್ನ ಇಲ್ಲಿಗೇ ನಿಲ್ಲಿಸಿ."

ಮೇಡಂಗೆ ಬೈಯುವ ಶಕ್ತಿ ಉಳಿದಿರಲಿಲ್ಲ. "ನಾಳೆ ಯಾರಾದರೂ ಬಂದರೆ ಒಂದು ಹಾಳೆನೂ ತೆಗೀಬೇಡ. ಯಾರು ಏನು ಅಂತ ಕೇಳಬೇಡ. ಪರಿಚಯ ಇದ್ದರೂ ನಿನಗೆ ಪರಿಚಯ ಇಲ್ಲ. ಅವರ ಹೆಸರು ಯಾರೇ ಕೇಳಲಿ, ಸತ್ತರೂ ಬಾಯಿ ಬಿಡಬೇಡ. ಇದೇ ನಿನಗೆ ಕೊನೆ ಸಲ."

"ಮೊದ್ಲೇ ಹೇಳಿದ್ರೆ..."

"ಹೋಗೋ."

ಶನಿವಾರ ಮೂರು ಗಂಟೆಯಾದರೂ ಯಾರ ಸುಳಿವೂ ಇಲ್ಲ. ಆಗ ತಲೆ ಮೇಲೆ ಸೆರಗು ಹೊದ್ದು ದೊಡ್ಡತಾಯಮ್ಮನೇ ಬಂದಳು. ಮಗನ ಕೆಲಸ ಉಳಿದರೆ ಸಾಕಾಗಿತ್ತು.

"ಬನ್ನಿ ತಾಯಿ, ಕೂತ್ಕೊಳ್ಳಿ," ಅಂದ ಕೆಂಪರಾಜು.

"ಏನ್ಲಾ, ಬನ್ನಿ ಗಿನ್ನಿ ಅಂತೀಯ? ನಾನು ಕಣ್ಲಾ."

"ನಿಮ್ಮ ಪರಿಚಯ ನಂಗಿಲ್ಲ ತಾಯಿ."

ಅವಳು ಹಣೆ ಚಚ್ಚಿಕೊಂಡು ಕೂತಳು. ಬೆರಳಿಟ್ಟಳು, ಹಾಳೆ ಬಂತು. ಬೆರಳಿಟ್ಟಳು, ಹಾಳೆ ಬಂತು. ಮುಟ್ಟು ನಿಲ್ಲುವ ವಯಸ್ಸಿನ ಹಾಳೆ ಬಂದಾಗ ಬೆರಳು ನಿಂತುಬಿಟ್ಟಿತು. ಅಕ್ಷರ ಕೂಡಿಸಿಕೊಂಡು ಓದಿದಳು. ಇದ್ದಕ್ಕಿದ್ದ ಹಾಗೆ ಮೈ ಕಾಯುವುದು, ಬೆವರುವುದು, ನಿದ್ದೆ ಬಾರದಿರುವುದು, ಸುಮ್ಮಸುಮ್ಮನೆ ಸಿಟ್ಟು. ಇದು ರೋಗವಲ್ಲ, ತುಂಬ ಜನರಿಗೆ ಆಗುತ್ತದೆ, ಡಾಕ್ಟರ ಹತ್ತಿರ ಹೇಳಿಕೊಳ್ಳಬಹುದು ಎಂದಿತ್ತು.

"ಅಯ್ಯೋ ಶಿವನೇ," ಅಂದಳು. "ಎರಡು ವರ್ಷದಿಂದ ಮೈಯೆಲ್ಲ ಬೆಂಕಿ ಆಗ್ತಿತ್ತು. ಈ ಮಗನ್ನ ಸಾಕ್ತಿರೋದಕ್ಕೇ ಅಂದ್ಕೊಂಡಿದ್ದೆ."

ಬಾಗಿಲಲ್ಲಿ ನಿಂತಿದ್ದ ಅಧಿಕಾರಿ ಕೇಳಿಸಿಕೊಂಡರು. ಒಳಗೆ ಬಂದು ಸಹಿ ಹಾಕಿದರು. ಮೇಡಂ ಆ ವಾರದಲ್ಲಿ ಮೊದಲ ಸಲ ನಕ್ಕರು. "ಹೋಗಿ ಕಾಯಂ ಕೆಲಸದ ಅರ್ಜಿ ತುಂಬು ಕೆಂಪರಾಜು. ಆಫೀಸು ಐದಕ್ಕೆ ಮುಚ್ಚುತ್ತೆ, ಇವತ್ತು ತುಂಬದಿದ್ದರೆ ಆ ಜಾಗಕ್ಕೆ ಬೇರೆಯವರು ಕಾದಿದ್ದಾರೆ."

ಆಫೀಸಿನ ಗುಮಾಸ್ತ ಪೆನ್ನು ತೆಗೆದ. "ಹೆಸರು?"

"ಕೆಂಪರಾಜು."

"ತಾಯಿ ಹೆಸರು?"

ಕೆಂಪರಾಜು ಬಾಗಿಲಲ್ಲಿ ನಿಂತಿದ್ದ ತಾಯಿಯನ್ನು ನೋಡಿದ. ಗುಮಾಸ್ತನನ್ನು ನೋಡಿದ. "ಅದು ಹೇಳಂಗಿಲ್ಲ ಸಾರ್."

"ಯಾಕಪ್ಪಾ, ಗೊತ್ತಿಲ್ವಾ?"

"ಗೊತ್ತಿದ್ರೂ ಗೊತ್ತಿಲ್ಲ ಸಾರ್."

"ತಾಯಿ ಹೆಸರಿಲ್ಲದೆ ಅರ್ಜಿ ತಗೊಳ್ಳೋಕಾಗಲ್ಲ. ಐದಕ್ಕೆ ಎರಡು ನಿಮಿಷ ಇದೆ."

ದೊಡ್ಡತಾಯಮ್ಮ ಓಡಿ ಬಂದಳು. "ನಾನೇ ಸಾಮಿ ಇವನ ತಾಯಿ, ಬರ್ಕೊಳಿ. ನನ್ನ ಹೆಸರು ದೊಡ್ಡ..."

ಕೆಂಪರಾಜು ಒಂದೇ ನೆಗೆತಕ್ಕೆ ಹೋಗಿ ಅವಳ ಬಾಯಿಗೆ ಅಂಗೈ ಒತ್ತಿ ಹಿಡಿದ.

"ನೀವು ಸುಮ್ನಿರಿ ತಾಯಿ," ಅಂದ. "ನಿಮ್ಮ ಮರ್ಯಾದೆ ಕಾಯೋದು ನನ್ನ ಕೆಲಸ."

ಅವಳು ಕಣ್ಣಲ್ಲೇ ಬೈಯುತ್ತಿದ್ದಳು. ಅವನು ಬಿಡಲಿಲ್ಲ. ಗುಮಾಸ್ತ ಗಡಿಯಾರ ನೋಡಿ, ಪೆನ್ನಿಗೆ ಮುಚ್ಚಳ ಹಾಕಿದ.