ಉತ್ತರ ಬಲ್ಲ ಮದುಮಗ

“ಗುರುಗಳೇ, ಉತ್ತರ ನಿಮಗೂ ಗೊತ್ತು, ನನಗೂ ಗೊತ್ತು. ಆದರೂ ಬಿಡಿಸಿ ಹೇಳು, ಬಿಡಿಸಿ ಹೇಳು ಎಂದು ನನ್ನನ್ನೇಕೆ ಕಾಡುತ್ತೀರಿ?” ಎಂದು ಮುರಿಗೆಯ್ಯ ಕೇಳಿದ.

ಮಠದಲ್ಲಿ ಬೆಳಗಿನ ಪೂಜೆ ಮುಗಿದ ಮೇಲೆ ಗುರುಗಳು ಪತ್ರಿಕೆಯ ಪದಬಂಧ ಬಿಡಿಸಲು ಕೂರುತ್ತಿದ್ದರು. ಸುಮ್ಮನೆ ಅರ್ಥ ಕೇಳುವ ಪದಬಂಧವಲ್ಲ ಅದು. ಒಂದೊಂದು ಸುಳಿವೂ ಒಂದೊಂದು ಒಗಟು. ಉತ್ತರಗಳು ಅದೇ ಪತ್ರಿಕೆಯ ಕೊನೆಯ ಪುಟದಲ್ಲಿ ತಲೆಕೆಳಗಾಗಿ ಅಚ್ಚಾಗಿರುತ್ತಿದ್ದವು. ಆ ಪುಟವನ್ನು ನೋಡುವ ಅಭ್ಯಾಸ ಗುರುಗಳಿಗೆ ಇರಲಿಲ್ಲ. ಪತ್ರಿಕೆಯನ್ನು ಬಾಗಿಲಿನಿಂದ ಎತ್ತಿ ತರುವ ಶಿಷ್ಯ ಮುರಿಗೆಯ್ಯನಿಗೆ ಆ ಅಭ್ಯಾಸ ಇತ್ತೀಚೆಗೆ ಅಂಟಿಕೊಂಡಿತ್ತು. ಗುರುಗಳ ಬಾಯಲ್ಲಿ ಒಮ್ಮೆ ‘ಭೇಷ್’ ಎನ್ನಿಸಿಕೊಳ್ಳಬೇಕೆಂಬ ಆಸೆ, ಬೇರೇನೂ ಅಲ್ಲ. ಚೌಕಗಳು ಚಕಚಕನೆ ತುಂಬುತ್ತಿದ್ದವು. ಗುರುಗಳು ಮಾತ್ರ ಆ ಮಾತನ್ನು ಇನ್ನೂ ಅಂದಿರಲಿಲ್ಲ.

ಅಂದಿನ ಕೊನೆಯ ಸುಳಿವು ಹೀಗಿತ್ತು: ‘ತಲೆ ಹೋದ ಅರಸ ಹಣ್ಣಿನೊಳಗೆ ಸಿಕ್ಕ, ಎರಡಕ್ಷರ.’ ಗುರುಗಳು ಓದಿ ಮುಗಿಸುವ ಮೊದಲೇ ಮುರಿಗೆಯ್ಯ “ರಸ” ಎಂದಿದ್ದ. “ಸರಿ. ಅರಸನ ತಲೆ ಎಲ್ಲಿ ಹೋಯಿತು?” ಎಂದು ಗುರುಗಳು ಕೇಳಿದ್ದರು. ಅವನಿಗೆ ಸಿಟ್ಟು ಬಂದದ್ದು ಆಗಲೇ.

ಗುರುಗಳು ಪತ್ರಿಕೆಯನ್ನು ಮಡಿಸಿಟ್ಟು ಕತೆ ಹೇಳಿದರು.

ಕುಂಬಾರರ ಊರೊಂದಿತ್ತು. ಅಲ್ಲಿ ಮದುಮಗ ಬಂದನೆಂದರೆ ಹೆಣ್ಣಿನ ಮನೆಯವರು ಬಾಗಿಲು ಮುಚ್ಚುತ್ತಿದ್ದರು. ಹೆಣ್ಣು ತಾನೇ ಒಂದು ಒಗಟು ಕಟ್ಟಿರುತ್ತಿದ್ದಳು. ಮನೆಯ ಹಿರಿಯಳು ಜಗಲಿಯಲ್ಲಿ ಕೂತು ಅದನ್ನು ಒಡ್ಡುವಳು. ಮದುಮಗ ಉತ್ತರ ಹೇಳಬೇಕು. ಹೇಳಿದ ಮೇಲೆ ಒಂದೊಂದು ಮಾತನ್ನೂ ಬಿಡಿಸಬೇಕು. ಒಂದೇ ಒಂದು ಮಾತು ಉಳಿದರೂ ಬಾಗಿಲು ತೆಗೆಯುವಂತಿಲ್ಲ.

ಆ ಊರಿನ ಹೆಣ್ಣೊಬ್ಬಳನ್ನು ಒಬ್ಬ ಬಟ್ಟೆ ವ್ಯಾಪಾರಿಗೆ ಗೊತ್ತುಮಾಡಿದರು. ಅವನದೂ ಕುಂಬಾರರ ಮನೆತನವೇ. ಆದರೆ ಅಜ್ಜನ ಕಾಲಕ್ಕೇ ತಿಗರಿ ತಿರುಗಿಸುವುದನ್ನು ಬಿಟ್ಟವರು. ವ್ಯಾಪಾರಿಗೆ ಮಣ್ಣಿನ ಗಂಧವೂ ತಿಳಿಯದು. ಹೆಣ್ಣನ್ನು ಒಮ್ಮೆ ನೋಡಿದ್ದ, ನೋಡಿದಾಗಲೇ ಮನಸ್ಸು ಸೋತಿದ್ದ. ಬಾಗಿಲಲ್ಲಿ ಸೋತರೆ ತನ್ನ ಗತಿಯೇನು ಎಂದು ಹೆದರಿದ. ಹೆಣ್ಣಿನ ಸೋದರಮಾವನ ಬಾಯಿ ಸಡಿಲ ಎಂದು ಯಾರೋ ಹೇಳಿದರು. ವ್ಯಾಪಾರಿ ಅವನಿಗೊಂದು ಜರಿಯ ರುಮಾಲು ಕೊಟ್ಟು ಒಗಟಿನ ಉತ್ತರವನ್ನು ಕೇಳಿಕೊಂಡ. ಇನ್ನೇನು, ಸ್ವರ್ಗಕ್ಕೆ ಮೂರೇ ಗೇಣು.

ಮದುವೆಯ ದಿನ ದಿಬ್ಬಣ ಬಂತು. ಬಾಗಿಲು ಮುಚ್ಚಿತು. ಹೆಣ್ಣಿನ ಅಜ್ಜಿ ಜಗಲಿಯಲ್ಲಿ ಕಾಲು ಚಾಚಿ ಕೂತು ಒಗಟು ಹೇಳಿದಳು:

“ನೀರು ಕುಡಿದು ಹುಟ್ಟಿದ್ದು, ನೀರು ಬಿದ್ದರೆ ಕರಗಿದ್ದು,
ಬೆಂಕಿ ಹೊಕ್ಕು ಬಂದ ಮೇಲೆ ನೀರಿಗೇ ಮನೆಯಾದದ್ದು,
ಬೆರಳಲ್ಲಿ ಕೇಳಿದರೆ ನಿಜವನ್ನೇ ನುಡಿದದ್ದು...”

“ಮಡಕೆ!” ಎಂದ ವ್ಯಾಪಾರಿ. ‘ಏನು ಹೇಳು’ ಎಂಬುದು ಅಜ್ಜಿಯ ಬಾಯಲ್ಲೇ ಉಳಿಯಿತು.

ಗಂಡಿನ ಕಡೆಯವರು ಶಹಬ್ಬಾಸ್ ಎಂದರು. ವಾಲಗದವನು ಊದಲು ಕೆನ್ನೆ ಉಬ್ಬಿಸಿದ. ಅಜ್ಜಿ ಸೋದರಮಾವನ ತಲೆಯ ಮೇಲಿದ್ದ ಹೊಸ ರುಮಾಲನ್ನು ಒಮ್ಮೆ ನೋಡಿದಳು.

“ಸರಿ ಕಣಪ್ಪ. ಬಿಡಿಸು.”

ವ್ಯಾಪಾರಿ ಮೊದಲ ಸಾಲು ಬಿಡಿಸಿದ. ನೀರಿಲ್ಲದೆ ಮಣ್ಣು ಹದವಾಗದು; ಹಸಿ ಮಡಕೆಯ ಮೇಲೆ ನೀರು ಬಿದ್ದರೆ ಕರಗಿಹೋಗುತ್ತದೆ. ಎರಡನೆಯ ಸಾಲೂ ಸಲೀಸಾಯಿತು. ಬೆಂಕಿಯಲ್ಲಿ ಬೆಂದ ಮಡಕೆ ನೀರನ್ನೇ ತುಂಬಿಟ್ಟುಕೊಳ್ಳುತ್ತದೆ. ಮೂರನೆಯ ಸಾಲಿಗೆ ಬಂದು ನಿಂತುಬಿಟ್ಟ. ಕೊನೆಗೆ, ಕುಂಬಾರ ಬೆರಳಲ್ಲಿ ಮಡಕೆ ತಿದ್ದುತ್ತಾನಲ್ಲ, ಅದೇ ಎಂದ.

“ತಿದ್ದೋದು ತಿದ್ದೋದಾಯ್ತು. ಕೇಳೋದೆಲ್ಲಿ? ನುಡಿಯೋದೆಲ್ಲಿ?” ಎಂದಳು ಅಜ್ಜಿ.

ಬಿಸಿಲೇರಿತು. ಒಳಗಿನಿಂದ ಹೋಳಿಗೆ ಬೇಯುವ ವಾಸನೆ ಬಂತು. ದಿಬ್ಬಣದವರ ಹೊಟ್ಟೆ ತಾಳ ಹಾಕಿತು. ಮುಹೂರ್ತ ಮೀರಿದರೆ ಮತ್ತೆ ಮುಂದಿನ ವರ್ಷವೇ ಎಂದು ಪುರೋಹಿತರು ನೆನಪಿಸಿದರು. ಗಂಡಿನ ದೊಡ್ಡಪ್ಪನಿಗೆ ಮಾನದ ಪ್ರಶ್ನೆ. ಗಾಡಿ ಹೂಡಿ, ಹೋಗೋಣ ಎಂದು ಎದ್ದೇಬಿಟ್ಟ. ವ್ಯಾಪಾರಿ ಅಜ್ಜಿಯ ಕಡೆ ತಿರುಗಿದ.

“ಅಜ್ಜೀ, ಉತ್ತರ ನಿಮಗೂ ಗೊತ್ತು, ನಾನೂ ಹೇಳಿದ್ದೀನಿ. ಇನ್ನೇನು ಬೇಕು ನಿಮಗೆ?”

“ಉತ್ತರ ನಮ್ಮನೇದು ಕಣಪ್ಪ. ನಮ್ಮನೇದನ್ನ ನಮಗೇ ತಂದುಕೊಟ್ರೆ ಅದೆಂಥ ಉಡುಗೊರೆ? ನಿಂದು ಅಂತ ಏನಾದ್ರೂ ಇದ್ರೆ ತಾ.”

ಸೋದರಮಾವ ಮೆಲ್ಲಗೆ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

ವ್ಯಾಪಾರಿ ಬಾಸಿಂಗ ಕಟ್ಟಿಕೊಂಡೇ ಅಜ್ಜಿಯ ಪಕ್ಕದಲ್ಲಿ ಕೂತ. ಒಗಟನ್ನು ಇನ್ನೊಮ್ಮೆ ಹೇಳಿ ಎಂದು ಬೇಡಿಕೊಂಡ. ಅಜ್ಜಿ ಹೇಳಿದಳು. ಈ ಸಲ ಅವನು ಕೊನೆಯವರೆಗೂ ಕೇಳಿದ. ಕೇಳುತ್ತಿದ್ದಂತೆ ಅವನ ಬೆರಳು ಅವನಿಗೇ ಗೊತ್ತಿಲ್ಲದೆ ಪಂಚೆಯ ಅಂಚನ್ನು ಉಜ್ಜುತ್ತಿತ್ತು. ಅಂಗಡಿಯಲ್ಲಿ ದಿನವೂ ಮಾಡುವ ಕೆಲಸ ಅದು. ಬಟ್ಟೆಯ ಬಣ್ಣ ಕಣ್ಣಿಗೆ ಸುಳ್ಳು ಹೇಳಬಹುದು. ನೂಲು ಬೆರಳಿಗೆ ಸುಳ್ಳು ಹೇಳದು. ಅವನು ತನ್ನ ಬೆರಳನ್ನೇ ನೋಡಿದ. ತಟ್ಟನೆ ಎದ್ದ.

ಜಗಲಿಯ ಮೂಲೆಯಲ್ಲಿ ಮಾರಲಿಟ್ಟ ಮಡಕೆಗಳಿದ್ದವು. ಒಂದನ್ನು ಬೆರಳಿನಿಂದ ತಟ್ಟಿದ. ಅದು ಠಣ್ ಎಂದಿತು. ಪಕ್ಕದ್ದನ್ನು ತಟ್ಟಿದ. ಅದು ಬೊದ್ ಎಂದಿತು. ತಿರುಗಿಸಿ ನೋಡಿದರೆ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು.

“ಕೊಳ್ಳೋರು ತಟ್ಟಿ ಕೇಳ್ತಾರೆ ಅಜ್ಜೀ! ಮಡಕೆ ಅಂತ ಎಲ್ಲರಿಗೂ ಗೊತ್ತು. ಗಟ್ಟಿಯೋ ಬಿರುಕೋ ಅನ್ನೋದನ್ನ ಅದೇ ಬಾಯಿಬಿಟ್ಟು ಹೇಳಬೇಕು!” ಎಂದು ಕೂಗಿದ. ಆಮೇಲೆ ಜೋರಾಗಿ ನಕ್ಕುಬಿಟ್ಟ. “ಇಷ್ಟು ಹೊತ್ತು ನೀವು ತಟ್ಟಿದ್ದು ನನ್ನನ್ನ!”

ಅಜ್ಜಿ ಮಂಡಿ ಹಿಡಿದು ಏಳುವಷ್ಟರಲ್ಲಿ ಬಾಗಿಲು ಒಳಗಿನಿಂದಲೇ ತೆರೆಯಿತು. ಚಿಲಕದ ಮೇಲೆ ಕೈಯಿಟ್ಟುಕೊಂಡು ಅಷ್ಟು ಹೊತ್ತೂ ಕಾದಿದ್ದವಳು ಮದುಮಗಳು.

ಗುರುಗಳು ಕತೆ ನಿಲ್ಲಿಸಿದರು. ಮುರಿಗೆಯ್ಯನೂ ನಕ್ಕ. ಅವನ ಸಿಟ್ಟು ಎಲ್ಲಿ ಹೋಯಿತೋ ಅವನಿಗೇ ತಿಳಿಯಲಿಲ್ಲ. ಪತ್ರಿಕೆಯನ್ನು ಬಿಡಿಸಿ ಆ ಸುಳಿವನ್ನು ಒಂದೊಂದೇ ಮಾತಾಗಿ ಓದಿದ. ಎರಡನೆಯ ಸಲ ಓದುವಾಗ ಅವನ ಮುಖ ಅರಳಿತು.

“ಅರಸ ಎಂಬ ಪದದ ತಲೆ ಎಂದರೆ ಅದರ ಮೊದಲ ಅಕ್ಷರ, ಗುರುಗಳೇ! ಅದು ಹೋದರೆ ಉಳಿಯುವುದು ರಸ. ಹಣ್ಣಿನೊಳಗೆ ಸಿಗುವುದೂ ರಸವೇ! ಇದನ್ನು ನಾನೇ ಬಿಡಿಸಿದೆ!”

“ಭೇಷ್,” ಎಂದರು ಗುರುಗಳು.

ಮುರಿಗೆಯ್ಯ ಹಿಗ್ಗಿ ಹೀರೇಕಾಯಿಯಾದ. ಗುರುಗಳು ತುಂಬಿದ ಚೌಕಗಳನ್ನು ಬೆರಳಿನಿಂದ ಒಂದೊಂದಾಗಿ ತಟ್ಟುತ್ತ ಕೇಳಿದರು:

“ಮಿಕ್ಕವನ್ನು ಬಿಡಿಸಿದವರು ಯಾರು, ಮುರಿಗೆಯ್ಯ?”